ಮೇಲಿನ ಸಾಲು

ಕದಕ್ಕೆ ಅಗುಳಿ ಹಾಕುವ ಹೊತ್ತಿಗೆ
ಅಲೋಯ್ಜಿ ಪಿಕಾ ಬಂದ,
ಭುಜದ ಮೇಲೆ ಹಿಮ, ಬಾಯಿಗೆ ಅಡ್ಡ ಕರವಸ್ತ್ರ.
ಸಾಸಿವೆ ಗೊಜ್ಜಿನ ಖಾಲಿ ಬಾಟಲಿ ಮೇಜಿನ ಮೇಲಿಟ್ಟ.
ಒಳಗೆ ನೀರು. ನೀರಿನಲ್ಲಿ
ಎರಡು ಹೋಳಾದ ಮೇಲ್ದವಡೆ.

"ನಾಳೆ ಬರ್ಬುರ್ಕಾ," ಅಂದ.
ಹಲ್ಲಿಲ್ಲದ ಬಾಯಲ್ಲಿ ಮಾತಿನ ಅಂಚೆಲ್ಲ ಸವೆದು
ಉಸಿರಷ್ಟೇ ನನ್ನ ಕಿವಿಗೆ ಬಿತ್ತು.
ಗೊತ್ತು. ಬಿಟೊಮ್‌ನಲ್ಲಿ ಯಾರಿಗೆ ಗೊತ್ತಿಲ್ಲ?
ಗಣಿ ಮುಚ್ಚಿ ಹನ್ನೊಂದು ವರ್ಷ.
ಮುಚ್ಚದೆ ಉಳಿದವರು ವಾದ್ಯದವರು:
ಸಂತ ಬಾರ್ಬರಾಳ ದಿನ, ಬೆಳಗಿನ ಐದೂವರೆಗೆ,
ಕಪ್ಪು ಕೋಟು, ಟೋಪಿಗೆ ಕೆಂಪು ಗರಿ,
ಇಟ್ಟಿಗೆ ಮನೆಗಳ ಬೀದಿಬೀದಿಯನ್ನೂ ಎಬ್ಬಿಸುತ್ತಾರೆ.
ಪಿಕಾ ಇಲ್ಲದೆ ಮೊದಲ ತುತ್ತೂರಿ ಇಲ್ಲ.

ಹೋಳುಗಳನ್ನು ದೀಪಕ್ಕೆ ಹಿಡಿದೆ.
ಬಿರುಕಿನಂಚಿಗೆ ಒಣಗಿದ ಪೊರೆ.
"ಏನು ಹಚ್ಚಿದೆ?"
ಆತ ನೆಲ ನೋಡಿದ.
"ಬೂಟಿನ ಅಂಟು."

ಬೈದೆ. ಮನಸಾರೆ ಬೈದೆ.
ಕಾಲಿಗೆ ಹಚ್ಚುವುದನ್ನು ಬಾಯಿಗೆ ಹಚ್ಚುತ್ತಾರೇನಪ್ಪಾ?
ಕೂದಲೆಳೆಯಷ್ಟು ಸರಿದು ಕೂತರೂ
ಒಸಡು ಹುಣ್ಣಾಗುತ್ತದೆ, ಅಗಿತ ಒಂದು ಕಡೆ ವಾಲುತ್ತದೆ.
ಮುರಿದದ್ದನ್ನು ಮುರಿದ ಹಾಗೇ ತರಬೇಕು,
ಚೂರು ಉದುರಿದ್ದರೆ ಅದನ್ನೂ.
ಎಪ್ಪತ್ತೆಂಟರ ಮುದುಕ
ಪಾಠ ಒಪ್ಪಿಸಲಾಗದ ಹುಡುಗನಂತೆ ನಿಂತಿದ್ದ.

ಅಂಟು ಕೆರೆಯಲಿಕ್ಕೇ ಒಂದು ಗಂಟೆ.
ಎರಡು ಬೆಂಕಿಕಡ್ಡಿ ಅಡ್ಡ ಇಟ್ಟು ಮೇಣದಲ್ಲಿ ಹಿಡಿಸಿ
ಅಡಿಗೆ ಗಾರೆ ಸುರಿದೆ. ಗಟ್ಟಿಯಾಗುವ ತನಕ
ಪಿಕಾ ಒಲೆಯ ಪಕ್ಕ ಕೂತು ಹೇಳಿದ:
"ಮೂವತ್ತು ವರ್ಷ ನೆಲದಡಿ ಹಲ್ಲು ಕಚ್ಚಿಕೊಂಡಿದ್ದೆ.
ಮೇಲೆ ಬಂದು ಬಾಯಿ ಬಿಟ್ಟೆ, ಉದುರಿಹೋದವು."
ನಕ್ಕ. ನಗುವಾಗ ಕರವಸ್ತ್ರ ಮರೆತ.

ಈ ಕಸುಬಿನ ವಿಚಿತ್ರ ಇದು,
ಕೂಡಿಸುವ ಮೊದಲು ಬಿರುಕನ್ನು
ಇನ್ನಷ್ಟು ಅಗಲಿಸಬೇಕು.
ಕೊರೆಯುತ್ತಿದ್ದಂತೆ ಗುಲಾಬಿ ಬಣ್ಣದೊಳಗೆ
ಏನೋ ಮಿಂಚಿತು. ತಂತಿ.
ಮ್ಯಾಂಡೊಲಿನ್ನಿನದು.
ಏನೂ ಸಿಗದ ಆ ವರ್ಷಗಳಲ್ಲಿ
ನಮ್ಮಪ್ಪ ತನ್ನದೇ ವಾದ್ಯದ ತಂತಿ ಕತ್ತರಿಸಿ
ಜನರ ಅಂಗುಳಿನಲ್ಲಿ ಹೂತಿಡುತ್ತಿದ್ದ.
ಕೊನೆಗೆ ಗೋಡೆಯ ಮೇಲೆ ತೂಗುತ್ತಿದ್ದದ್ದು
ಬರೀ ಬುರುಡೆ.

ಒಂದು ತುದಿ ಕಳಚಿತ್ತು. ಇನ್ನೊಂದು
ಇಕ್ಕಳಕ್ಕೂ ಜಗ್ಗಲೊಲ್ಲದು.
ಎಳೆದು ತೆಗೆದೆ. ಜೇಬಿಗೆ ಹಾಕಿಕೊಂಡೆ.
ಪಿಕಾನಿಗೆ ಹೇಳಲಿಲ್ಲ, ಯಾಕೋ.
ಹೊಸ ಜಾಲರಿ ಇಟ್ಟು, ಪುಡಿ ಉದುರಿಸಿ, ದ್ರವ ತೊಟ್ಟಿಕ್ಕಿ,
ಒತ್ತಡದ ಪಾತ್ರೆಯಲ್ಲಿ ಕಾಲು ಗಂಟೆ ಬಿಟ್ಟು,
ಉಜ್ಜಿ ಉಜ್ಜಿ ನುಣುಪು ಮಾಡುವಷ್ಟರಲ್ಲಿ
ರಾತ್ರಿ ಒಂದೂವರೆ.

"ಕೇಳು. ಅಂಟು ಬೇಕಾದರೆ ಇದು, ಬಾಯಿಗೆಂದೇ ಮಾಡಿದ್ದು.
ಒಣ ಪ್ಲೇಟಿಗೆ ಮೂರೇ ಚುಕ್ಕೆ.
ಹೆಚ್ಚು ಮೆತ್ತಿದರೆ ಹೆಚ್ಚು ಹಿಡಿಯದು, ಜಾರುತ್ತದೆ.
ತೊಳೆಯುವಾಗ ಬೇಸಿನ್ನಿಗೆ ಟವೆಲ್ ಹಾಸು,
ಕೈತಪ್ಪಿದರೂ ಮೆತ್ತಗೆ ಬೀಳಲಿ.
ಕುದಿನೀರು ಬೇಡ. ರಾತ್ರಿ ತೆಗೆದು ನೀರಲ್ಲಿಡು."
"ತೆಗೆದಿಟ್ಟರೆ," ಅಂದ, "ಕನಸಿನಲ್ಲಿ ಊದುವುದು ಹೇಗೆ?"

ತುತ್ತೂರಿಯ ಮೂತಿಯೊಂದನ್ನೇ ಕೋಟಿನಿಂದ ತೆಗೆದು
ತುಟಿಗಿಟ್ಟು ಊದಿದ.
ಸಿಟ್ಟಿಗೆದ್ದ ಬಾತಿನ ದನಿ.
ಮೇಲಿನ ಮನೆಯವರು ನೆಲ ಗುದ್ದಿದರು.
ಹಲ್ಲು ಅಲುಗಲಿಲ್ಲ.

ನಾನು ಮಲಗಲಿಲ್ಲ.
ಐದೂವರೆಗೆ ಕಿಟಕಿ ತೆರೆದೆ.
ಮೊದಲು ದೊಡ್ಡ ಡೋಲು, ಹಿಂದೆಯೇ ಹಿತ್ತಾಳೆ,
ಒಂದೊಂದೇ ದೀಪ ಹೊತ್ತಿಕೊಂಡ ಬೀದಿ.
ಊರು ರಾಗ ಕೇಳುತ್ತಿತ್ತು.
ನಾನು ಒಂದು ಅಂಗುಳನ್ನು ಕೇಳುತ್ತಿದ್ದೆ.

ಎತ್ತರದ ಸ್ವರವೊಂದು
ತುಸು ಜಾರಿ, ಮತ್ತೆ ಹತ್ತಿ ಕೂತಿತು.
ಚಳಿಯೋ? ವಯಸ್ಸೋ?
ಹಿಂದಿನ ಅಂಚನ್ನು ಇನ್ನೊಂದೆಳೆ ಉಜ್ಜಬೇಕಿತ್ತೋ?
ಜೇಬಿನಲ್ಲಿ ಕೈ. ತಂತಿ ಚುಚ್ಚಿತು.

ಸೋಮವಾರ ಕರೆಸಬೇಕು ಅವನನ್ನು.