ಎರಡನೇ ಯಂತ್ರದ ಮೇಲಿನ ದೂರು

ಮೂರು ರಾತ್ರಿಯಿಂದ ಇದೇ ಕತೆ.
ಎಂಟಕ್ಕೆ ಫುರ್ನಾ ಬಂದರಿನ ಹೊಸ ಮಂಜುಗಡ್ಡೆ ಕಾರ್ಖಾನೆ
ತನ್ನ ಮೋಟಾರುಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ,
ಎಂಟೂ ಹತ್ತಕ್ಕೆ ನಮ್ಮ ಎರಡನೇ ಜನರೇಟರು
ಧಡ್ಡೆಂದು ಕೈಬಿಡುತ್ತದೆ,
ಒಂದನೆಯದು ಒಬ್ಬಂಟಿ ಏದುಸಿರು ಬಿಟ್ಟು ತಾನೂ ಕೂರುತ್ತದೆ.
ಇಡೀ ಬ್ರಾವಾ ದ್ವೀಪ ಕತ್ತಲು.
ಆಮೇಲೆ ಫೋನು: ಪಾದ್ರಿ, ಪ್ರಸೂತಿ ವಾರ್ಡಿನ ದಾದಿ,
ಟ್ಯೂನಾ ಕೊಳೆಯುತ್ತಿದೆಯೆಂದು ಕಿರುಚುವ
ದೋಣಿಯ ಯಜಮಾನ ಅರ್ಲಿಂದು.

ನಾವು ಎರಡನೆಯದನ್ನೇ ಬೈದೆವು.
ಲಿಸ್ಬನ್ನಿನಿಂದ ಬಂದ ಹಳೇ ಮಾಲು,
ಯಾರೋ ಉಂಡು ಬಿಟ್ಟ ತಟ್ಟೆ, ಎಂದೆ ನಾನು.
ಡೀಸೆಲ್ ಫಿಲ್ಟರು ಬದಲಾಯಿಸಿದೆವು, ಇಂಜೆಕ್ಟರು ತೊಳೆದೆವು,
ಗವರ್ನರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ
ಮತ್ತೆ ಅಷ್ಟೇ ಹಿಂತಿರುಗಿಸಿದೆವು.
ಕಿಲೋವ್ಯಾಟಿನ ಮುಳ್ಳುಗಳೆರಡೂ ಅವಳಿಗಳ ಹಾಗೆ
ನೂರಿಪ್ಪತ್ತು, ನೂರಿಪ್ಪತ್ತು.
ಸಮಪಾಲು. ಇನ್ನೇನು ಬೇಕಂತೆ ಇದಕ್ಕೆ?

ನಾಲ್ಕನೇ ಸಂಜೆ ತೆಯೊದುಲ್ಫುವನ್ನು ಕರೆಸಿದೆ.
ನಿವೃತ್ತನಾಗಿ ಆರು ವರ್ಷ. ಕಿವಿ ಪೂರಾ ಹೋಗಿದೆ,
ಈ ಶೆಡ್ಡೇ ತಿಂದದ್ದು.
ಕಚೂಪಾದ ಡಬ್ಬಿಯನ್ನು ಬಿಸಿ ಕೊಳವೆಯ ಮೇಲಿಟ್ಟು
ಎಂಟಾಗುವುದನ್ನೇ ಕಾದ.
ಎಂಟಾಯಿತು. ಎಂಜಿನ್ನಿನತ್ತ ತಿರುಗಿಯೂ ನೋಡದೆ
ಸಂತೆಯಲ್ಲಿ ಕಲ್ಲಂಗಡಿ ಮುಟ್ಟಿ ನೋಡುವವನಂತೆ
ಆಲ್ಟರ್ನೇಟರಿನ ಬೆನ್ನಿಗೆ ಅಂಗೈ ಇಟ್ಟ.
ಮೊದಲು ಒಂದನೆಯದು.
ಆಮೇಲೆ ಎರಡನೆಯದು. ಕೈ ಹಿಂದಕ್ಕೆಳೆದುಕೊಂಡ.
ಆಂಪಿಯರ್ ಓದು, ಎಂದ.
ನೂರ ಎಪ್ಪತ್ತೈದು.
ಮುನ್ನೂರು.

ದುಡಿಮೆ ಸಮ, ಬೆವರು ಸಮ ಅಲ್ಲ.
ಮೋಟಾರುಗಳ ಅಯಸ್ಕಾಂತಕ್ಕೆ ಒಂದು ಹೊರೆಯಿದೆ:
ಚಕ್ರ ತಿರುಗಿಸದ್ದು, ಐಸು ಕಟ್ಟದ್ದು,
ಯಾವ ಬಿಲ್ಲಿಗೂ ಬಾರದ್ದು, ಆದರೆ ಯಾರಾದರೂ ಹೊರಲೇಬೇಕಾದ್ದು.
ಅಷ್ಟನ್ನೂ ಎರಡನೆಯದೇ ಹೊತ್ತಿತ್ತು,
ನಾವು ಬೈಯುತ್ತಿದ್ದಾಗಲೂ.

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬುದು ಮನುಷ್ಯರ ಗಾದೆ.
ಜೋಡಿ ಓಡುವ ಯಂತ್ರಗಳಲ್ಲಿ ಅದು ತಿರುವುಮುರುವು.
ಹೊರೆ ಬಿದ್ದಷ್ಟೂ ವೋಲ್ಟೇಜು ಎಳ್ಳಷ್ಟು ಬಗ್ಗಬೇಕು,
ಬಗ್ಗಿದರೆ ಪಕ್ಕದ್ದು ಹೆಗಲು ಕೊಡುತ್ತದೆ.
ನಮ್ಮದು ಹೊರೆ ಬಿದ್ದಷ್ಟೂ ಎದೆ ಸೆಟೆಸುತ್ತಿತ್ತು.
ಸೆಟೆದವನ ತಲೆಗೇ ಮತ್ತಷ್ಟು.

ಏನೋ ಉಲ್ಟಾ ಕೂತಿದೆ, ಎಂದ ಮುದುಕ.
ಕಾರ್ಖಾನೆಗೆ ತಡೆಯಲು ಹೇಳು. ಇದನ್ನು ನಿಲ್ಲಿಸು.
ಸಿ.ಟಿ. ತಂತಿಯನ್ನು ಓಡುವಾಗ ಬಿಚ್ಚಿದೆಯೋ
ನಿನ್ನ ಮದುವೆ ಊಟ ನನಗೆ ತಪ್ಪುತ್ತದೆ.

ಮುಚ್ಚಳಕ್ಕೆ ನಾಲ್ಕು ತಿರುಪು.
ಒಳಗೆ ಬೆರಳುದ್ದದ ಎರಡು ತಂತಿ,
ಬಿಳಿ ಟೇಪಿನ ಮೇಲೆ ಅಂಕಿ.
ಒಂದರ ಮನೆಯಲ್ಲಿ ಎರಡು, ಎರಡರ ಮನೆಯಲ್ಲಿ ಒಂದು.
ಬರಹ ನನ್ನದು.
ಒಂದರ ತಲೆಗೆ ಗಾಳದಂಥ ಕೊಕ್ಕೆ, ನಾನು ಮಾತ್ರ ಹಾಕುವಂಥದ್ದು.

ಮಾರ್ಚಿನಲ್ಲಿ ಬೇರಿಂಗು ಬದಲಾಯಿಸಿದ ದಿನ,
ಫೋಗೊಗೆ ಹೋಗುವ ಕಡೇ ದೋಣಿ ಹಿಡಿಯುವ ಅವಸರ.
ಆಮೇಲೆ ತಿಂಗಳುಗಟ್ಟಲೆ ಅದು ಒಂಟಿಯಾಗೇ ಓಡಿತು.
ಒಂಟಿಯಾಗಿದ್ದಾಗ
ಯಾವ ತಪ್ಪು ತಾನೇ ಕಾಣುತ್ತದೆ?

ತೆಯೊದುಲ್ಫು ಅಂಕಿ ನೋಡಿದ. ನನ್ನನ್ನು ನೋಡಲಿಲ್ಲ.
ಡಬ್ಬಿ ತೆರೆದು ಉಣ್ಣತೊಡಗಿದ.

ತಂತಿ ಅದಲು ಬದಲು ಮಾಡಿದೆ. ಒಂಬತ್ತಕ್ಕೆ ಕಾರ್ಖಾನೆ ಎದ್ದಿತು.
ಇನ್ನೂರ ಹದಿನೈದು. ಇನ್ನೂರ ಹದಿನೆಂಟು.
ಇನ್ನೂ ಮೂರರ ಫರಕಿದೆಯಲ್ಲ! ಅವನ ಕಿವಿಗೆ ಕೂಗಿದೆ.
ಅದು ಮೀಟರಿನದ್ದು, ಎಂದ, ಜೋಳ ಅಗಿಯುತ್ತ.

ಲಾಗ್ ಪುಸ್ತಕದಲ್ಲಿ ಮೂರು ರಾತ್ರಿಯ ಸಾಲುಗಳಿವೆ.
ದೋಷ: ಎರಡನೇ ಯಂತ್ರ.
ದೋಷ: ಎರಡನೇ ಯಂತ್ರ.
ದೋಷ: ಎರಡನೇ ಯಂತ್ರ, ಮಾರಿಬಿಡುವುದು ಲೇಸು.
ಇಲ್ಲಿ ಅಳಿಸುವಂತಿಲ್ಲ, ಗೀಟೆಳೆದು ಪಕ್ಕದಲ್ಲಿ ಬರೆಯಬಹುದು.
ಗೀಟೆಳೆದೆ. ಝುಲ್ಮೀರಾ, ಎಂದು ಬರೆದೆ.
ಹೊತ್ತು ನಮೂದಿಸಲು ಗಡಿಯಾರ ನೋಡಿದೆ.

ಒಂಬತ್ತೂ ಹತ್ತು.
ಒಂಬತ್ತೂ ಹನ್ನೊಂದು.