ಕೆಂಪು ಬಾಗಿಲು

ಎರಡು ಯಂತ್ರ ನಮ್ಮ ಕಚೇರಿಯಲ್ಲಿ, ಎರಡಕ್ಕೂ ಹಕ್ಕಿಯ ಹೆಸರು:
ಲುಂಡಿ, ತ್ಯಾಲ್ದುರ್.
ಲುಂಡಿ ಆಟಕ್ಕೆ. ತ್ಯಾಲ್ದುರ್ ನಿಜಕ್ಕೆ.
ಕ್ಲಾಕ್ಸ್‌ವೀಕ್ ಬಂದರಿನ ಉಬ್ಬರ ಇಳಿತ
ಆರಾರು ನಿಮಿಷಕ್ಕೊಮ್ಮೆ ಅದರ ಹೊಟ್ಟೆ ಸೇರುತ್ತದೆ.
ಕಪ್ಪು ಪರದೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಮುಖ:
ಒಂದು ಡಾಲರ್ ಗುರುತು,
ಪಕ್ಕದಲ್ಲಿ ಮಿಣಮಿಣ ಕಾಯುವ ಕಡ್ಡಿ.

ಹೇಳು, ಅನ್ನುತ್ತದೆ.
ಯಾರಿಗೆ ಹೇಳುತ್ತಿದ್ದೀ, ಅನ್ನುವುದಿಲ್ಲ.

ಫೆಬ್ರುವರಿಯ ಒಂದು ರಾತ್ರಿ, ಮೂರೂವರೆ ಗಂಟೆ,
ಲುಂಡಿ ಅಂದುಕೊಂಡು ತ್ಯಾಲ್ದುರಿಗೆ ಹೇಳಿದೆ: ಅಳಿಸು.
ಯಾಕೆ ಅನ್ನಲಿಲ್ಲ ಅದು.
ಹನ್ನೊಂದು ದಿನದ ಸಮುದ್ರ
ಬೆರಳು ಎತ್ತುವುದರೊಳಗೆ ಬತ್ತಿತು.
ಮತ್ತೆ ಅದೇ ಡಾಲರ್, ಅದೇ ಕಡ್ಡಿ.

ಬೆಳಿಗ್ಗೆ ಹಾನುಸ್ ಬಂದ. ಬೈಯಲಿಲ್ಲ; ಬೈದಿದ್ದರೆ ಹಗುರಾಗುತ್ತಿತ್ತು.
ಒದ್ದೆ ಕೈಗವಸು ಹೀಟರಿನ ಮೇಲೆ ಒಣಹಾಕುತ್ತ ಅಂದ:
'ನಮ್ಮಪ್ಪ ದೋಣಿಮನೆಯ ಬಾಗಿಲಿಗೆ ಕೆಂಪು ಬಳಿದಿದ್ದ, ರನ್ವಾ.
ಚೆಂದಕ್ಕಲ್ಲ.
ಮಂಜಿನಲ್ಲಿ ಬೇರೆಯವರ ಬಾಗಿಲಿಗೆ
ದೋಣಿಯ ಮೂತಿ ಗುದ್ದಬಾರದು ಅಂತ.'

ಅವತ್ತೇ ಕೂತೆ, ಬಣ್ಣ ಹಚ್ಚಲು.
ಮೊದಲು ಅತಿಯಾಯಿತು. ಗಂಟೆ, ಗಾಳಿಯ ದಿಕ್ಕು, ಚಂದ್ರನ ಪಕ್ಷ,
ಹಿಂದಿನ ಆಜ್ಞೆ ಗೆದ್ದಿತೋ ಸೋತಿತೋ,
ಪೀಠಿಕೆಯೇ ಪರದೆಯ ಮುಕ್ಕಾಲು; ಮಾತಿಗೆ ಜಾಗವಿಲ್ಲ.
ಒಂದೊಂದಾಗಿ ಕಿತ್ತೆ.
ಉಳಿದದ್ದು: ನಾನು ಯಾರು, ಯಾವ ಯಂತ್ರ, ಎಲ್ಲಿ ನಿಂತಿದ್ದೇನೆ.
ಇಷ್ಟು ಗೊತ್ತಿರುವವರು ಊರಲ್ಲಿ ಎಷ್ಟು ಜನ,
ಎಂದು ನಕ್ಕ ಹಾನುಸ್.
ಲುಂಡಿಗೆ ಹಸಿರು. ತ್ಯಾಲ್ದುರಿಗೆ ಕೆಂಪು.

ಆದರೂ ಒಂದು ಕಾಟ. ಉದ್ದದ ಸಾಲು ಬರೆದರೆ
ಅಂಚಿಗೆ ಹೋಗಿ, ತಿರುಗಿ, ತನ್ನ ಮೇಲೆಯೇ ಬಂದು ಬೀಳುತ್ತಿತ್ತು,
ಬರೆದದ್ದನ್ನೇ ತಿನ್ನುತ್ತಿತ್ತು.
ಎರಡು ದಿನ ಹುಡುಕಿದೆ. ತಪ್ಪು ಇಷ್ಟೇ:
ಬಣ್ಣಕ್ಕೆ ಅಗಲವಿಲ್ಲ ಎಂದು ಶೆಲ್ಲಿಗೆ ನಾನು ಹೇಳಿರಲಿಲ್ಲ.
ಕಾಣದ ಅಕ್ಷರಗಳನ್ನೂ ಪಾಪ, ಅದು ಎಣಿಸುತ್ತ ಕೂತಿತ್ತು.
ಆಚೆಗೊಂದು ಈಚೆಗೊಂದು ಕಂಸ ಹಾಕಿ
ಇದು ಲೆಕ್ಕಕ್ಕಿಲ್ಲ, ಅಂದೆ.
ಸಾಲು ನೆಟ್ಟಗಾಯಿತು.

ಆ ಹನ್ನೊಂದು ದಿನಕ್ಕೆ ಅಂಥ ಕಂಸ ಸಿಕ್ಕಿಲ್ಲ.
ಗ್ರಾಫಿನಲ್ಲಿ ಗೆರೆ ಏರಿ, ಇಳಿದು, ಏರಿ,
ಥಟ್ಟನೆ ಬಿಳಿ.
ಆಮೇಲೆ ಎಲ್ಲೋ ಅತ್ತ, ಇಳಿತದ ನಡುವಿನಿಂದ
ಮತ್ತೆ ಶುರು.

ಇವತ್ತೂ ರಾತ್ರಿ ಪಾಳಿ. ಕಿಟಕಿಯಾಚೆ ಮಂಜು
ಬಂದರನ್ನು ಅಳಿಸಿಬಿಟ್ಟಿದೆ, ಯಾರನ್ನೂ ಕೇಳದೆ.
ಕೆಂಪು ಅಕ್ಷರದ ಎದುರು,
ಡಾಲರಿನ ನಂತರ ಬೇಕೆಂದೇ ಬಿಟ್ಟ ಒಂದು ಖಾಲಿ ಜಾಗದಲ್ಲಿ
ಒಂದುಸಿರು ನಿಲ್ಲುತ್ತೇನೆ.
ಆಮೇಲೆ ಕೀಲಿ ಒತ್ತುತ್ತೇನೆ, ಮೆಲ್ಲಗೆ,
ಹೊಸ್ತಿಲಲ್ಲಿ ಬೂಟು ಬಿಚ್ಚಿ ಒಳಹೋದವಳ ಹಾಗೆ.