ಸನ್ನೆ

ಬೆಳಗಿನ ಒಂಬತ್ತಕ್ಕೆ ರಾತ್ರಿ ಮಾಡುವುದು ನನ್ನ ಕೆಲಸ.
ಡಂಡಿ ಊರಿನ ಕೆಳಗೆ ಟೇ ನದಿ ಬೆಳ್ಳಗೆ ಹೊಳೆಯುತ್ತಿರುವಾಗ
ಕಿಟಕಿಯಿಲ್ಲದ ಕೋಣೆಯಲ್ಲಿ ಬಿಳಿ ದೀಪ ಆರಿಸಿ
ಕೆಂಪು ಹಚ್ಚುತ್ತೇನೆ.
ಇಲಿಗಳಿಗೆ ಕೆಂಪೆಂದರೆ ಕತ್ತಲೆಯೇ. ಕಾಣುವುದು ನನಗಷ್ಟೇ:
ಮೂವತ್ತೆರಡು ಪೆಟ್ಟಿಗೆ, ಒಂದೊಂದರಲ್ಲೂ ಸನ್ನೆಕೋಲು,
ಅದರ ಮೇಲೆ ಕಡಲೆಕಾಳಿನಷ್ಟು ಬಲ್ಬು,
ಇಲಿಯ ಬೆನ್ನಿನಿಂದೆದ್ದು ಮೇಲಕ್ಕೆ ಹೋಗುವ ನಳಿಗೆ.

ಸನ್ನೆ ಒತ್ತಿದರೆ ಟಕ್. ಬಲ್ಬು ಹತ್ತುತ್ತದೆ.
ಸಿರಿಂಜು ಕೂದಲೆಳೆಯಷ್ಟು ಸರಿಯುತ್ತದೆ.
ಒಂದು ಹನಿ ಹೆರಾಯಿನು ಕುತ್ತಿಗೆಯ ನಾಳಕ್ಕಿಳಿದು
ಇಲಿ ತಟಸ್ಥ,
ಯಾರೋ ಹೆಸರು ಹಿಡಿದು ಕರೆದ ಹಾಗೆ.

ಮೊದಲ ಹನಿಗೆ ಒಂದೇ ಒತ್ತು.
ಆಮೇಲೆ ಎರಡು, ನಾಲ್ಕು, ಆರು, ಒಂಬತ್ತು, ಹನ್ನೆರಡು.
ಅದಾಗಿ ಕೈಬಿಡುವ ತನಕ ಬೆಲೆ ಏರಿಸುತ್ತಲೇ ಇರಬೇಕು.
ಕೈಬಿಟ್ಟ ಆ ಅಂಕಿಗೆ ಮುರಿಯುವ ಬಿಂದು ಎಂದು ಹೆಸರು.
ಮುರಿದದ್ದೇನು ಎಂದು ಬರೆಯಲು ಹಾಳೆಯಲ್ಲಿ ಜಾಗವಿಲ್ಲ.

ಹತ್ತೊಂಬತ್ತನೆಯದು ಮಾತ್ರ ಒತ್ತಲೇ ಇಲ್ಲ.
ಸನ್ನೆಯ ಅಡಿಯಲ್ಲಿ, ಅದೊಂದು ಸೂರು ಎಂಬಂತೆ,
ಬಾಲ ಸುತ್ತಿಕೊಂಡು ಮಲಗಿತು.
ಕಲಿಯಲಿಲ್ಲ, ಎಂದು ಷರಾ ಬರೆದು
ಲೆಕ್ಕದಿಂದ ತೆಗೆದರು.

ಇಲಿಗೆ ಪ್ರಾಣಸಂಕಟ, ಸರಿ.
ಬೆಕ್ಕನ್ನು ಹುಡುಕಿದೆ. ಸಿಗಲಿಲ್ಲ.
ಇಲ್ಲಿರುವವರೆಲ್ಲ ಕೈಗವಸು ತೊಟ್ಟು
ಅಂಗೈ ಬೆಚ್ಚಗಾದ ಮೇಲೇ ಎತ್ತಿಕೊಳ್ಳುವವರು.

ನನ್ನಜ್ಜಿ ಈ ಊರಿನ ಸೆಣಬಿನ ಗಿರಣಿಯಲ್ಲಿದ್ದಳು.
ಲೋಕದ ಅಕ್ಕಿಗೆ, ಕಾಫಿಗೆ ಗೋಣಿ ನೇಯ್ದು
ಮಗ್ಗದ ಸದ್ದಿಗೆ ಕಿವಿ ಕೊಟ್ಟುಬಿಟ್ಟಳು, ಎರಡೂ.
ಮನೆಯಲ್ಲೂ ಕೈಸನ್ನೆಯೇ ಮಾತು.
ಎರಡು ಬೆರಳು ಕೆನ್ನೆಗೆ ತಾಗಿಸಿದರೆ: ಮುಗಿಯಿತು, ಮನೆಗೆ ಹೋಗೋಣ.

ಡೂಗಲ್ ಪಿಟ್ಕೆತ್ಲಿ ಶಾಲೆಯಲ್ಲಿ ನನ್ನ ಹಿಂದಿನ ಬೆಂಚು.
ಈಗ ಹಿಲ್‌ಟೌನಿನ ಔಷಧಿ ಅಂಗಡಿಯ ಸಾಲಿನಲ್ಲಿ ಸಿಗುತ್ತಾನೆ,
ನಾನು ಅಮ್ಮನ ಬಿ.ಪಿ. ಮಾತ್ರೆಗೆ, ಅವನು ತನ್ನ ಹಸಿರು ಮೆಥಡೋನಿಗೆ.
ಎದುರಿಗೇ ಕುಡಿಯಬೇಕು. ಕುಡಿದು ಏನಾದರೂ ಮಾತಾಡಬೇಕು,
ಬಾಯಲ್ಲಿ ಉಳಿಸಿಕೊಂಡಿಲ್ಲ ಎಂಬುದಕ್ಕೆ ಪುರಾವೆ.
'ಫುಟ್‌ಬಾಲು ಸೋತರಂತೆ' ಅನ್ನುತ್ತಾನೆ. 'ಬೂಟು ಚೆನ್ನಾಗಿದೆ' ಅನ್ನುತ್ತಾನೆ.
ಒಮ್ಮೆ ನನ್ನ ಕಡೆ ತಿರುಗಿ: 'ನಿನ್ನವಕ್ಕೆ ಭಾನುವಾರ ರಜೆಯೇನೇ?'

ಇಲ್ಲ ಎಂದೆ. ಆಮೇಲೆ, ಹೇಳಬಾರದಿತ್ತು, ಇಪ್ಪತ್ತೇಳರ ಕತೆ ಹೇಳಿದೆ:
ಮೂರು ವಾರ ನಳಿಗೆಯಲ್ಲಿ ಬರೀ ಉಪ್ಪುನೀರು, ಬಲ್ಬೂ ಇಲ್ಲ.
ಒತ್ತಿತು, ಒತ್ತಿತು, ನಿಲ್ಲಿಸಿತು.
ಮೈ ನೆಕ್ಕಿಕೊಂಡಿತು, ಉಂಡಿತು, ತೂಕ ಬಂತು.
ವಾಸಿಯಾಯಿತು ಎಂದೇ ನಾನು ಒಳಗೊಳಗೆ ಹಿಗ್ಗಿದೆ.
ಇಪ್ಪತ್ತೆರಡನೆಯ ದಿನ ಬಲ್ಬು ಒಂದನ್ನೇ ಹತ್ತಿಸಿದೆವು.
ಹನಿಯಿಲ್ಲ. ಬೆಳಕು ಮಾತ್ರ.
ನೂರ ನಲವತ್ತು ಸಲ ಒತ್ತಿತು ಡೂಗಲ್,
ಬರೀ ಆ ಬೆಳಕಿಗೆ.

ಅವನು ಬಹಳ ಹೊತ್ತು ಪಾದಚಾರಿ ದೀಪ ನೋಡುತ್ತ ನಿಂತ.
ಹಸಿರಾಯಿತು, ಕೆಂಪಾಯಿತು, ದಾಟಲಿಲ್ಲ.
'ಲಾಕೀ ಕಡೆಯ ಬಸ್ಸು ನಾನು ಹತ್ತಿ ಹನ್ನೊಂದು ವರ್ಷ.
ಆ ತಿರುವಿನಲ್ಲಿ ಒಂದು ನೀಲಿ ಬಾಗಿಲಿದೆ.
ಒಳಗಿದ್ದವರು ಯಾರೂ ಈಗಿಲ್ಲ, ಸತ್ತರು, ಊರು ಬಿಟ್ಟರು.
ಬರೀ ಬಾಗಿಲು.'

ಶುಕ್ರವಾರ ಪ್ರಯೋಗ ಮುಗಿಯಿತು.
ಮುಗಿಯಿತು ಎಂದರೆ ಏನೆಂದು ಕೇಳಬೇಡಿ.
ಇಪ್ಪತ್ತೇಳನ್ನು ಎತ್ತಿಕೊಂಡಾಗ
ಅದರ ಎದೆ ನನ್ನ ಹೆಬ್ಬೆರಳಲ್ಲಿ ಮಗ್ಗ ಆಡಿಸಿತು.
ಕೈಗವಸಿನ ಎರಡು ಬೆರಳು ನನ್ನ ಕೆನ್ನೆಗೆ ಹೋದವು.
ನಿಯಮದ ಪ್ರಕಾರ ಮುಖ ಮುಟ್ಟಿಕೊಳ್ಳಬಾರದು.

ಶನಿವಾರ ಡೂಗಲ್ ಕುಡಿದ. ಲೋಟ ಇಟ್ಟ.
ಮಾತು ಬರಲಿಲ್ಲ.
ಸಾಲಿನ ತುದಿಯಲ್ಲಿದ್ದ ನನ್ನನ್ನು ಕಂಡು ಕೈ ಎತ್ತಿದ.
ಕೌಂಟರಿನ ಹುಡುಗಿಗೆ ಅದು ಸಾಲದು.
ಅವಳು ಕಾದಳು, ಒರಟಾಗೇನಲ್ಲ,
ಬಾಟಲಿಯ ಮುಚ್ಚಳ ತಿರುವುತ್ತ.

'ಮಳೆ ಬರೋ ಹಾಗಿದೆ' ಎಂದ ಕೊನೆಗೆ.
ಹೊರಗೆ ಕಣ್ಣು ಕುಕ್ಕುವ ಬಿಸಿಲು.